ಕಣ್ಣಿಗೊತ್ತಿಕೊಂಡ ಮಣಿಸರ

ಅಥವಾ ಆ ಮಣಿಸರ ಮೆಟ್ಟಿಲ ಮೇಲೆ ಬಿದ್ದದ್ದೇ ಅಲ್ಲವೇನೋ. ಮುಂಬಾಗಿಲ ಹತ್ತಿರ, ಅಂಚೆಪೆಟ್ಟಿಗೆಗಳ ಕೆಳಗೆ, ಸೈಕಲ್ ನಿಲ್ಲಿಸಬಾರದೆಂದು ಬರೆದಿದ್ದರೂ ಸೈಕಲ್ಲುಗಳು ನಿಂತಿರುವ ಜಾಗದಲ್ಲಿ ಬಿದ್ದಿರಬಹುದು. ನೆನಪಿನಲ್ಲಿ ಮೆಟ್ಟಿಲಿದೆ, ಮೆಟ್ಟಿಲಿಗೆ ಲಿನೋಲಿಯಂ ಎಂಬ ಬೂದು ಬಣ್ಣದ ಮೆತ್ತನೆಯ ಹಾಸು ಇದೆ, ಲಿನೋಲಿಯಂ ಮೇಲೆ ಮಣಿ ಬಿದ್ದ ಮೆತ್ತನೆಯ ಸದ್ದಿದೆ. ಆದರೆ ನಮ್ಮ ಕಟ್ಟಡದ ಮೆಟ್ಟಿಲಿಗೆ ಲಿನೋಲಿಯಂ ಇಲ್ಲ. ಇಂದು ಬೆಳಿಗ್ಗೆ ಬ್ರೆಡ್ ತರಲು ಇಳಿಯುವಾಗ ನಿಂತು ನೋಡಿದೆ. ಕಲ್ಲಿನ ಚೂರು ಬೆರೆಸಿ ನುಣುಪು ಮಾಡಿದ ಬರೀ ಸಿಮೆಂಟು. ಮಣಿ ಬಿದ್ದರೆ ಟಣ್ಣೆನ್ನಬೇಕು. ಲಿನೋಲಿಯಂ ಬೇರೆ ಯಾವುದೋ ಮನೆಯದು. ಅದು ಈ ನೆನಪಿನೊಳಗೆ ಹೇಗೆ ಬಂದು ಹಾಸಿಕೊಂಡಿತೋ.

ಹಾಗಾಗಿ ಗೊತ್ತಿರುವಷ್ಟನ್ನು ಮೊದಲು ಇಡುತ್ತೇನೆ. ಈ ಬ್ರೇಸ್‌ಲೆಟ್ ನನ್ನ ಮೇಜಿನ ಮೇಲಿದೆ. ಇದು ಮೊದಲು ನನ್ನದಾಗಿರಲಿಲ್ಲ, ಐದನೆಯ ಮಹಡಿಯಲ್ಲಿದ್ದ ಚೀನಾದ ಹೆಂಗಸಿನದು. ಒಂದು ದಿನ ಅದು ಅವಳ ಕೈಯಿಂದ ಜಾರಿ ಬಿತ್ತು. ನನ್ನ ಕಾಲು ಅದಕ್ಕೆ ತಾಗಿತು. ನಾನು ಎತ್ತಿ ಕಣ್ಣಿಗೊತ್ತಿಕೊಂಡೆ. ಆಮೇಲೆ ಅವಳು ಅದನ್ನು ಧರಿಸಲಿಲ್ಲ. ಈಗ ಅವಳು ಈ ಊರಿನಲ್ಲೇ ಇಲ್ಲ. ಉಳಿದದ್ದನ್ನೆಲ್ಲ ನಾನು ಇಲ್ಲಿ ಕುಳಿತು ಜೋಡಿಸುತ್ತಿದ್ದೇನೆ. ನೆನಪೂ ಒಂದು ಮಣಿಸರ ಎಂದು ಬರೆಯುವ ಆಸೆ ಬಂತು. ಬೇಡ. ಸರದಲ್ಲಿ ಮಣಿಗಳು ಇಟ್ಟ ಕಡೆ ಇರುತ್ತವೆ.

ನಾನಿರುವುದು ಡ್ರೆಸ್ಡೆನ್ನಿನಲ್ಲಿ, ಹಳೆಯ ಪೂರ್ವ ಜರ್ಮನಿಯ ಕಾಲದಲ್ಲಿ ಕಾಂಕ್ರೀಟಿನ ಹಲಗೆಗಳನ್ನು ನಿಲ್ಲಿಸಿ ಕಟ್ಟಿದ ಉದ್ದನೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಕೆಲಸ ಚಿಪ್ ಕಾರ್ಖಾನೆಯಲ್ಲಿ. ಧೂಳಿನ ಕಣ ಬಿದ್ದರೂ ಮಾಲು ಕೆಡುವ ಕ್ಲೀನ್‌ರೂಮಿಗೆ ಹೋಗುವ ಮೊದಲು ಮೈಮೇಲಿನ ಎಲ್ಲವನ್ನೂ ತೆಗೆದಿಡಬೇಕು: ಬಳೆ, ಉಂಗುರ, ಓಲೆ, ಕಾಡಿಗೆ. ಬಿಳಿ ದಿರಿಸಿನೊಳಗೆ ಹೊಕ್ಕ ಮೇಲೆ ಹೊರಗೆ ಉಳಿಯುವುದು ಕಣ್ಣು ಮಾತ್ರ. ವರ್ಷಗಟ್ಟಲೆ ಜೊತೆಗೆ ಕೆಲಸ ಮಾಡಿದವರು ಟ್ರಾಮಿನಲ್ಲಿ ಎದುರಿಗೆ ಕುಳಿತರೂ ನನ್ನನ್ನು ಗುರುತಿಸುವುದಿಲ್ಲ. ಅವರ ತಪ್ಪಲ್ಲ. ಅವರಿಗೆ ನನ್ನ ಬಾಯಿ ಹೇಗಿದೆಯೆಂದು ಗೊತ್ತಿಲ್ಲ.

ಕರಿಮಣಿಯನ್ನು ನಾನು ಮೊದಲು ತೆಗೆಯಲು ಕಲಿತದ್ದೂ ಅಲ್ಲಿಯೇ. ಪಾಳಿಗೆ ಮೊದಲು ತೆಗೆದು ಲಾಕರಿನಲ್ಲಿಡುತ್ತಿದ್ದೆ, ಪಾಳಿ ಮುಗಿದ ಮೇಲೆ ಹಾಕಿಕೊಳ್ಳುತ್ತಿದ್ದೆ. ಮದುವೆ ಮುರಿದ ಮೇಲೆ ಹಾಕಿಕೊಳ್ಳುವುದು ನಿಂತಿತು. ಅಷ್ಟೇ ವ್ಯತ್ಯಾಸ. ತಾಳಿಯ ಬಂಗಾರ ಹುಬ್ಬಳ್ಳಿಯಲ್ಲಿ ಅಕ್ಕನ ಹತ್ತಿರ ಹೋಯಿತು. ದಾರ ಹರಿದ ಕರಿಮಣಿಗಳು ಮಾತ್ರ ಮಾತ್ರೆಯ ಖಾಲಿ ಡಬ್ಬಿಯೊಂದರಲ್ಲಿ ನನ್ನ ಬಳಿಯೇ ಉಳಿದವು. ಅವನ್ನೇನು ಮಾಡುವುದೆಂದು ಅಕ್ಕನನ್ನು ಫೋನಿನಲ್ಲಿ ಕೇಳಿದ್ದೆ.

"ಹೊಳಿಗಿ ಬಿಡವಾ. ಅಲ್ಲೇನ್ ಹೊಳಿ ಇಲ್ಲೇನ?"

"ಐತಿ. ಏನರ ಒಗದ್ರ ದಂಡ ಹಾಕ್ತಾರ."

"ಕರಿಮಣಿಗೂ?"

"ಕರಿಮಣಿ ಯಾವ ಕಸದ ಡಬ್ಬಿಗಿ ಹಾಕ್ಬೇಕಂತ ಬೋರ್ಡಿನ್ಯಾಗ ಬರದಿಲ್ಲ."

ಅಕ್ಕ ನಕ್ಕಳು. ನಾನೂ ನಕ್ಕೆ. ಮಣಿಗಳು ಡಬ್ಬಿಯಲ್ಲೇ ಉಳಿದವು.

ಇಲ್ಲಿಯ ಕನ್ನಡಿಗರ ಯುಗಾದಿಗೆ ಒಮ್ಮೆ ಹೋಗಿದ್ದೆ. ಬಾಡಿಗೆ ಹಾಲಿನಲ್ಲಿ ಹೋಳಿಗೆಯ ವಾಸನೆ ತುಂಬಿತ್ತು. ಹುಡುಗರು ಒಬ್ಬರಿಗೊಬ್ಬರು ಗುರು, ಮಗಾ ಅನ್ನುತ್ತ ಸ್ಪೀಕರಿನ ವಯರು ಎಳೆಯುತ್ತಿದ್ದರು. ಮಕ್ಕಳು ಜರ್ಮನ್ನಿನಲ್ಲಿ ಜಗಳವಾಡುತ್ತಿದ್ದವು. ಒಬ್ಬಾಕೆ ತಟ್ಟೆ ಕೊಡುತ್ತ, "ನಿಮ್ಮೋರು ಪಾರ್ಕಿಂಗ್ ಹುಡುಕ್ತಿದ್ದಾರಾ?" ಎಂದು ಕೇಳಿದರು. ಹೌದು ಎಂದುಬಿಟ್ಟೆ. ಊಟ ಮುಗಿಯುವವರೆಗೂ ಅವನು ಪಾರ್ಕಿಂಗ್ ಹುಡುಕುತ್ತಲೇ ಇದ್ದ. ಮತ್ತೆ ಹೋಗಲಿಲ್ಲ.

ಐದನೆಯ ಮಹಡಿಯವಳು ನನಗೆ ಪರಿಚಯವಾದದ್ದು ಪಾರ್ಸೆಲ್ಲಿನಿಂದ. ಇಲ್ಲಿ ನಾವು ಮನೆಯಲ್ಲಿಲ್ಲದಿದ್ದರೆ ಪಾರ್ಸೆಲ್ಲಿನವನು ಮನೆಯಲ್ಲಿರುವ ಯಾರ ಬಾಗಿಲು ಬೇಕಾದರೂ ಬಡಿದು ಕೊಟ್ಟುಹೋಗುತ್ತಾನೆ. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಮನೆಯಲ್ಲಿರುವ ನಾನು ಇಡೀ ಮೆಟ್ಟಿಲ ಸಾಲಿನ ಅಂಚೆಕಚೇರಿಯಾಗಿದ್ದೆ. ಆ ದಿನ ಬಂದದ್ದು ಅಂಗೈಯಗಲದ ಡಬ್ಬ, ಅಷ್ಟು ಚಿಕ್ಕದಕ್ಕೆ ಇರಬಾರದಷ್ಟು ಭಾರ. ಅಲ್ಲಾಡಿಸಿದರೆ ಅಕ್ಕಿ ಕೇರಿದ ಸದ್ದು. ಸಂಜೆ ಅವಳು ಪಾರ್ಸೆಲ್ಲಿನವನು ಬಿಟ್ಟುಹೋದ ಚೀಟಿ ಹಿಡಿದು ಬಂದಳು. ನನಗಿಂತ ದೊಡ್ಡವಳು, ಐವತ್ತು ದಾಟಿರಬೇಕು. ಕೂದಲು ಗಿಡ್ಡ. ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಡಬ್ಬ ತೆಗೆದುಕೊಂಡು, ಹೋಗದೆ ನಿಂತು, ನನ್ನ ಬರಿ ಕೈಗಳನ್ನು ನೋಡಿ ಏನೋ ಕೇಳಿದಳು.

ಅವಳು ಕೇಳಿದ್ದು ಜರ್ಮನ್ನಿನಲ್ಲಿ. ನಮ್ಮಿಬ್ಬರ ನಡುವೆ ಇದ್ದದ್ದು ಅದೊಂದೇ ಭಾಷೆ, ಅದೂ ಇಬ್ಬರದೂ ಮುರುಕು. ಹಾಗಿದ್ದರೂ ಈಗ ನೆನಪಿಸಿಕೊಂಡರೆ ಅವಳು ನನ್ನ ಕಿವಿಯಲ್ಲಿ ಹುಬ್ಬಳ್ಳಿಯ ಕನ್ನಡ ಮಾತಾಡುತ್ತಾಳೆ. ಎಷ್ಟು ಪ್ರಯತ್ನಿಸಿದರೂ ಅವಳ ಜರ್ಮನ್ ವಾಪಸ್ಸು ಬರುತ್ತಿಲ್ಲ. ಆದ್ದರಿಂದ ಇಲ್ಲಿ ಅವಳ ಬಾಯಿಂದ ಬರುವ ಮಾತುಗಳು ಅವಳವಲ್ಲ, ಅರ್ಥ ಮಾತ್ರ ಅವಳದು. ಅದೂ ನನಗೆ ದಕ್ಕಿದಷ್ಟು.

"ಇಂಡಿಯಾದಾಕಿ ಅಂತಿ, ಕೈಯಾಗ ಏನೂ ಇಲ್ಲಲ್ಲ?" ಎಂದಳು.

ಕೆಲಸದ ಸಂಗತಿ ಹೇಳಿದೆ. ಈಗ ಕೆಲಸದಲ್ಲಿಲ್ಲವಲ್ಲ ಎಂದಳು. ಮೇಲೆ ಬಾ ಎಂದು ಕರೆದಳು, ಅಥವಾ ನಾನೇ ಡಬ್ಬ ಹೊತ್ತು ಮೇಲೆ ಹೋದೆ.

ಅವಳ ಅಡುಗೆಮನೆಯ ಮೇಜಿನ ಮೇಲೆ ಬಿಳಿಯ ಟವೆಲು ಹಾಸಿರುತ್ತಿತ್ತು, ಮಣಿ ಉರುಳದಿರಲೆಂದು. ಕೇಕಿನ ಅಚ್ಚುಗಳ ಕುಳಿಗಳಲ್ಲಿ ಬಣ್ಣಬಣ್ಣದ ಮಣಿಗಳು. ಅವಳು ವಾರದ ದಿನಗಳಲ್ಲಿ ನೂಡಲ್ಸ್ ಅಂಗಡಿಯ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಉಳಿದ ಹೊತ್ತಿನಲ್ಲಿ ಬ್ರೇಸ್‌ಲೆಟ್ ಪೋಣಿಸಿ ಶನಿವಾರಗಳಂದು ಎಲ್ಬೆ ನದಿಯ ದಂಡೆಯ ಹಳೆ ಸಾಮಾನಿನ ಸಂತೆಯಲ್ಲಿ ಮಾರುತ್ತಿದ್ದಳು. ಎಲ್ಲವೂ ಅವರ ಊರಿನ ಸಂಪತ್ತಿನ ದೇವರುಗಳ ಸರಗಳು. ಒಬ್ಬ ಕರಿ ಹುಲಿಯ ಮೇಲೆ ಕುಳಿತ, ಕೈಯಲ್ಲಿ ಕಬ್ಬಿಣದ ಚಾಟಿ ಹಿಡಿದ ಸೇನಾಪತಿ. ಅವನಿಗೆ ಕಪ್ಪು ಮಣಿ, ಮಧ್ಯೆ ಹುಲಿಕಣ್ಣಿನ ಕಲ್ಲು. ಇನ್ನೊಬ್ಬ ಮಂತ್ರಿ. ಅವನಿಗೆ ಕೆಂಪು ಮಣಿ, ಚಿನ್ನದ ನೀರು ಕುಡಿಸಿದ ಟೋಪಿ. ಮಂತ್ರಿಗೆ ಹೃದಯವಿಲ್ಲ ಎಂದಳು. ಕೆಟ್ಟ ರಾಜನೊಬ್ಬ ಕಿತ್ತುಕೊಂಡನಂತೆ.

ಹೃದಯವಿಲ್ಲದವನನ್ನು ಯಾಕೆ ಪೂಜಿಸುತ್ತೀರಿ ಎಂದು ಕೇಳಿದೆ.

"ಹೃದಯ ಇಲ್ಲ, ಅದಕ ನಮ್ಮಾವ್ರು ತಮ್ಮಾವ್ರು ಅನ್ನಂಗಿಲ್ಲ. ಎಲ್ಲಾರಿಗೂ ಒಂದ ಅಳತಿ."

ಆಮೇಲೆ ಪ್ರಾಣಿ. ಸಿಂಹದ ಮುಖ, ರೆಕ್ಕೆ, ಗುಂಡನೆಯ ಹೊಟ್ಟೆ. ಹೆಸರು ನನಗೆ ಪೀಶ್ಯು ಎಂದು ಕೇಳಿಸುತ್ತಿತ್ತು. ಅದು ಚಿನ್ನ ಬೆಳ್ಳಿಯನ್ನಷ್ಟೇ ತಿನ್ನುತ್ತದೆ. ನಿಮ್ಮಲ್ಲಿ ಯಾರು ಎಂದು ಅವಳು ಕೇಳಿದಾಗ ಲಕ್ಷ್ಮಿ ಎಂದೆ. ದೀಪಾವಳಿಯಲ್ಲಿ ಬಾಗಿಲು ತೆರೆದಿಟ್ಟು ಕಾಯುತ್ತೇವೆ, ಬರುತ್ತಾಳೆ, ಆದರೆ ಒಂದು ಕಡೆ ನಿಲ್ಲುವವಳಲ್ಲ ಎಂದೆ.

"ಹೋಗಿಬಿಡ್ತಾಳ? ಹಂಗ ಬಿಡ್ತೀರಿ?"

"ಪೂಜಾ ಮಾಡ್ತೀವಿ. ಆದ್ರೂ ಹೋಗ್ತಾಳ."

ಅವಳು ಕುಳಿಯಿಂದ ಒಂದು ಪ್ರಾಣಿಯನ್ನು ಚಿಮಟದಲ್ಲಿ ಎತ್ತಿ ತಿರುಗಿಸಿ ಅದರ ಹಿಂಭಾಗ ತೋರಿಸಿದಳು. ನುಣ್ಣಗಿತ್ತು. "ನೋಡು. ತಿಂದದ್ದು ಹೊರಗ ಹೋಗಾಕ ಹಾದೀನ ಇಲ್ಲ. ನಿಮ್ಮಾಕಿಗಿ ಇದನ್ನ ಹೇಳು."

ಅಂದು ನಾನು ನಕ್ಕಷ್ಟು ಆ ವರ್ಷ ಬೇರೆಲ್ಲೂ ನಕ್ಕಿರಲಿಲ್ಲ. ಇದನ್ನು ಮಾತ್ರ ನಂಬುತ್ತೇನೆ. ಯಾಕೆಂದರೆ ಮರುದಿನ ಕ್ಲೀನ್‌ರೂಮಿನಲ್ಲಿ ಮುಖಗವಸಿನೊಳಗೆ ಮತ್ತೆ ನಗು ಬಂದು ಕೆಲಸದ ಕನ್ನಡಕ ಮಂಜಾದದ್ದು ನೆನಪಿದೆ.

ಭಾನುವಾರಗಳು ಹಾಗೆ ಶುರುವಾದವು. ಇಲ್ಲಿ ಭಾನುವಾರ ಎಲ್ಲ ಅಂಗಡಿಗಳೂ ಮುಚ್ಚಿರುತ್ತವೆ. ಸದ್ದಾಗುತ್ತದೆಂದು ಮೊಳೆ ಹೊಡೆಯುವಂತಿಲ್ಲ, ಗಾಜಿನ ಬಾಟಲಿ ಕಸದ ಡಬ್ಬಿಗೆ ಹಾಕುವಂತಿಲ್ಲ. ಒಬ್ಬರೇ ಇರುವವರಿಗೆ ಆ ದಿನ ಬಹಳ ಉದ್ದ. ನಾನು ಐದನೆಯ ಮಹಡಿಗೆ ಹೋಗಿ ಮಣಿ ವಿಂಗಡಿಸುತ್ತಿದ್ದೆ. ಚಿಮಟ ಹಿಡಿದು ಉಸಿರು ಬಿಗಿಹಿಡಿಯುವುದು ನನ್ನ ಕಸುಬೇ ಆದ್ದರಿಂದ ಅವಳಿಗಿಂತ ಬೇಗ ಕೈ ಆಡುತ್ತಿತ್ತು. ಅವಳು ಎಳೆದರೆ ಹಿಗ್ಗುವ ದಾರಕ್ಕೆ ಪೋಣಿಸಿ, ಗಂಟು ಹಾಕಿ, ಗಂಟಿಗೆ ಅಂಟಿನ ತೊಟ್ಟು ಇಟ್ಟು, ಗಂಟನ್ನು ದೊಡ್ಡ ಮಣಿಯ ತೂತಿನೊಳಗೆ ಎಳೆದು ಮರೆಸುತ್ತಿದ್ದಳು. ಸಂತೆಗೆ ಬರುವ ಜರ್ಮನ್ನರು ಇದು ಬುದ್ಧನೇ ಎಂದು ಕೇಳುತ್ತಾರಂತೆ. ಹೌದು ಅಂದರೆ ಕೊಳ್ಳುತ್ತಾರೆ, ಅಲ್ಲ ಅಂದರೆ ನಿಂತು ಪಾಠ ಕೇಳುತ್ತಾರೆ, ಕೊಳ್ಳುವುದಿಲ್ಲ ಎಂದು ಅವಳು ದೂರುತ್ತಿದ್ದಳು.

ಒಂದು ಭಾನುವಾರ ನಾನು ಮಾತ್ರೆಯ ಡಬ್ಬಿ ತೆಗೆದುಕೊಂಡು ಹೋದೆ. ಕರಿಮಣಿಗಳನ್ನು ಅವಳ ಟವೆಲಿನ ಮೇಲೆ ಸುರಿದು, ಏನೆಂದು ಹೇಳಿದೆ. ಗಂಡನಿದ್ದಾಗ ಹಾಕುವುದು, ಈಗ ಬೇಡ, ನಿನಗೆ ಉಪಯೋಗಕ್ಕೆ ಬಂದರೆ ನೋಡು. ಅವಳು ಕನ್ನಡಕ ಏರಿಸಿ ಒಂದನ್ನು ಬೆಳಕಿಗೆ ಹಿಡಿದು, ಇದು ಗಾಜು, ನಮ್ಮ ಕಡೆಯೂ ಹೀಗೇ ಮಾಡುತ್ತಾರೆ, ಬಹುಶಃ ನಮ್ಮ ಕಡೆಯದೇ ಎಂದಳು. ಬೇರೆ ಏನೂ ಕೇಳಲಿಲ್ಲ. ಅವನ್ನು ಬೇರೆ ಕುಳಿಗೆ ಹಾಕಿದಳೋ, ಸೇನಾಪತಿಯ ಕಪ್ಪು ಮಣಿಗಳ ಕುಳಿಗೇ ಸುರಿದಳೋ, ನಾನು ಗಮನಿಸಲಿಲ್ಲ. ಗಮನಿಸದೆ ಇರಬೇಕೆಂದೇ ಕಿಟಕಿಯ ಕಡೆ ತಿರುಗಿದ್ದೆ.

ಅವಳ ಸ್ವಂತದ್ದೊಂದು ಬ್ರೇಸ್‌ಲೆಟ್ ಇತ್ತು. ಎಡಗೈಯಲ್ಲಿ, ಪ್ರಾಣಿಯ ತಲೆ ಹೊರಗೆ ಕಿರುಬೆರಳಿನ ಕಡೆಗೆ. ಹೊರಗಿನ ಸಂಪತ್ತನ್ನು ತಿಂದು ಬರಬೇಕಲ್ಲ. ಊರಿನ ಗುಡಿಯಲ್ಲಿ ಪೂಜಾರಿ ಅದರ ಕಣ್ಣಿಗೆ ಕೆಂಪು ಬೊಟ್ಟಿಟ್ಟು ಕಣ್ಣು ತೆರೆಸಿದ್ದನಂತೆ. ಕುಳಿಯಲ್ಲಿರುವವು ಇನ್ನೂ ನಿದ್ದೆಯಲ್ಲಿವೆ, ಯಾರು ಮುಟ್ಟಿದರೂ ಅಡ್ಡಿಯಿಲ್ಲ. ಕಣ್ಣು ತೆರೆದದ್ದು ಮಾತ್ರ ಮೊದಲು ಕಂಡವರನ್ನು ಒಡೆಯರೆಂದು ತಿಳಿಯುತ್ತದೆ. ನಮ್ಮಲ್ಲೂ ಶಿಲ್ಪಿ ಮೂರ್ತಿಯ ಕಣ್ಣನ್ನು ಕೊನೆಗೆ ತೆರೆಸುತ್ತಾನೆ ಎಂದೆ. ಅವಳು ತಲೆದೂಗಿದಳು. ಬೇರೆಯವರು ಅದನ್ನು ಮುಟ್ಟಬಾರದು, ಮುಟ್ಟಿದರೆ ಅದು ಒಡೆಯರನ್ನು ಬದಲಿಸುತ್ತದೆ ಎಂದು ಆಗಲೇ ಹೇಳಿದ್ದಳೇ? ಹೇಳಿದ್ದರೆ ನಾನು ಮರೆತಿದ್ದೆ. ಹೇಳಿರದಿದ್ದರೆ ಆಮೇಲೆ ತಿಳಿದದ್ದನ್ನು ನಾನು ಹಿಂದಕ್ಕೆ ತಂದು ಇಲ್ಲಿ ಸೇರಿಸುತ್ತಿದ್ದೇನೆ. ಎರಡೂ ಸಾಧ್ಯ.

ಅವರ ಹೊಸವರ್ಷದ ಐದನೆಯ ದಿನ ಸಂಪತ್ತಿನ ದೇವರು ಮನೆಗೆ ಬರುವ ದಿನ. ಆ ಚಳಿಯಲ್ಲಿ ಅವಳು ಎಲ್ಲ ಕಿಟಕಿ ಬಾಗಿಲುಗಳನ್ನೂ ಹಾರು ಹೊಡೆದಳು. ಮೆಟ್ಟಿಲ ಕಿಟಕಿಗಳನ್ನೂ ಬಿಡಲಿಲ್ಲ. ನೆಲಮಹಡಿಯ ಜರ್ಮನ್ ಮುದುಕಿ ಮೇಲೆ ಬಂದಾಗ ಬೈಗುಳ ಗ್ಯಾರಂಟಿ ಎಂದುಕೊಂಡೆ. ಮುದುಕಿ ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತ, ಕೊನೆಗೂ ಈ ಕಟ್ಟಡದಲ್ಲಿ ಸರಿಯಾಗಿ ಗಾಳಿಯಾಡಿಸುವವರೊಬ್ಬರು ಬಂದರಲ್ಲ ಎಂದು ಹೊಗಳಿ ಹೋದಳು. ಬಾಗಿಲು ಮುಚ್ಚಿದ ಮೇಲೆ ನಾವಿಬ್ಬರೂ ಮೇಜಿನ ಮೇಲೆ ತಲೆಯಿಟ್ಟು ನಕ್ಕೆವು.

ಆ ದಿನ ಬಂದ ದೇವರಲ್ಲಿ ಅವಳು ಕೇಳಿದ್ದು ಒಂದು ಅಂಗಡಿ. ನದಿಯಾಚೆಯ ನೊಯ್‌ಸ್ಟಾಟಿನ ಓಣಿಯೊಂದರಲ್ಲಿ ಬೀಗದ ಕೈ ಮಾಡುವವನ ಅಂಗಡಿ ಖಾಲಿಯಾಗಿತ್ತು. ಗೂಡಂಗಡಿಯಷ್ಟು ಜಾಗ. ಅವಳು ನನ್ನನ್ನು ಕರೆದುಕೊಂಡು ಹೋಗಿ ಗಾಜಿಗೆ ಮೂಗೊತ್ತಿ ಒಳಗೆ ತೋರಿಸಿದಳು. ಅಲ್ಲಿ ದೇವರು, ಇಲ್ಲಿ ಮೇಜು. ಕಿಟಕಿಯ ಬಳಿ ಬೆರಳಿಟ್ಟು, "ಇಲ್ಲೆ ನೀ ಕೂಡ್ರತಿ" ಎಂದಳು.

ಈ ಮಾತನ್ನು ನಾನು ಎಷ್ಟು ಸಲ ಕೇಳಿಸಿಕೊಂಡಿದ್ದೇನೆಂದರೆ ಈಗ ಅದು ಸವೆದುಹೋಗಿದೆ. ನೀನು ಕೂರುತ್ತೀ ಎಂದಳೋ, ಯಾರಾದರೂ ಕೂರಬಹುದು ಎಂದಳೋ? ಜರ್ಮನ್ನಿನಲ್ಲಿ ಅವೆರಡೂ ಬೇರೆ ಬೇರೆ, ನಾವಿಬ್ಬರೂ ಅದರಲ್ಲಿ ಎಡವುತ್ತಿದ್ದೆವು. ಏನೇ ಇರಲಿ, ಅಂದಿನಿಂದ ಆ ಅಂಗಡಿ ನನಗೂ ಬೇಕಾಯಿತು. ಈ ಊರಿನಲ್ಲಿ ನನ್ನ ಮುಖ ಪೂರ್ತಿ ಕಾಣುವಂತೆ ಕುಳಿತುಕೊಳ್ಳಲು ಒಂದು ಕುರ್ಚಿ. ಅಂಗಡಿಯ ಒಡೆಯ ಯೋಚಿಸಿ ಹೇಳುತ್ತೇನೆ ಎಂದಿದ್ದ. ನಾವು ಕಾಯುತ್ತಿದ್ದೆವು. ನಾವು ಎಂದು ಬರೆಯುತ್ತಿದ್ದೇನೆ.

ಆ ಕಾಯುವ ದಿನಗಳ ಒಂದು ಶನಿವಾರ ಬೆಳಿಗ್ಗೆ ಸಂತೆಯ ಪೆಟ್ಟಿಗೆಗಳನ್ನು ಇಳಿಸಲು ಸಹಾಯಕ್ಕೆ ಹೋದೆ. ಅವಳು ಮುಂದೆ, ನಾನು ಹಿಂದೆ. ಪೆಟ್ಟಿಗೆಯ ಹಿಡಿಗೆ ಅವಳ ಬ್ರೇಸ್‌ಲೆಟ್ ಸಿಕ್ಕಿ, ಹಿಗ್ಗಿ, ಕೈಯಿಂದ ಜಾರಿತು. ಹರಿಯಲಿಲ್ಲ. ನನ್ನ ಕೈಯಲ್ಲಿಯ ಪೆಟ್ಟಿಗೆಯಿಂದಾಗಿ ಕೆಳಗೆ ಕಾಣುತ್ತಿರಲಿಲ್ಲ. ಬೂಟಿನ ತುದಿಗೆ ಏನೋ ತಗಲಿತು. ಪೆಟ್ಟಿಗೆ ಇಟ್ಟು ನೋಡಿದರೆ ಪ್ರಾಣಿ ಹೊಟ್ಟೆ ಮೇಲಾಗಿ ಬಿದ್ದಿತ್ತು.

ಮುಂದಿನದು ನಾನು ಮಾಡಿದ್ದಲ್ಲ, ನನ್ನ ಕೈ ಮಾಡಿದ್ದು. ಪುಸ್ತಕಕ್ಕೆ ಕಾಲು ತಾಗಿದರೆ, ಕಾಳಿಗೆ ತಾಗಿದರೆ, ಮನುಷ್ಯರಿಗೆ ತಾಗಿದರೆ ಎತ್ತಿ ಅಥವಾ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮಗೆ ಉಸಿರಾಡಿದಷ್ಟು ಸಹಜ. ಕಾರ್ಖಾನೆಯಲ್ಲಿ ಪಕ್ಕದವನ ಬೂಟಿಗೆ ನನ್ನ ಬೂಟು ತಾಗಿದಾಗಲೂ ಗವಸಿನ ಕೈ ಅರ್ಧ ಎದ್ದು ನಿಲ್ಲುತ್ತದೆ. ಇದಂತೂ ದೇವರ ಪ್ರಾಣಿ. ಬಾಗಿ ಎತ್ತಿದೆ. ಬೆರಳು ಅದರ ಮುಖದ ಮೇಲೇ ಇದ್ದಿರಬೇಕು. ಬಲಗಣ್ಣಿಗೆ, ಎಡಗಣ್ಣಿಗೆ ಒತ್ತಿದೆ.

ಒತ್ತುವಾಗ ಕಣ್ಣು ಮುಚ್ಚಿತ್ತು. ಆದ್ದರಿಂದ ಆ ಕ್ಷಣದಲ್ಲಿ ಅವಳ ಮುಖ ಹೇಗಿತ್ತೆಂದು ನಾನು ನೋಡಿಲ್ಲ. ಇಡೀ ಕತೆಯಲ್ಲಿ ನೋಡಬೇಕಾಗಿದ್ದದ್ದು ಅದೊಂದೇ.

ಕಣ್ಣು ತೆರೆದಾಗ ಅವಳು ನನ್ನ ಬೆರಳುಗಳನ್ನು ನೋಡುತ್ತಿದ್ದಳು. ನಾನು ಕಾಲಿನ ಸಲುವಾಗಿ ಕ್ಷಮೆ ಕೇಳುತ್ತಿದ್ದೆ. ಬೂಟು ತಾಗಿತು, ಗೊತ್ತಾಗಲಿಲ್ಲ, ಕ್ಷಮಿಸು ಎಂದು ಮತ್ತೆ ಮತ್ತೆ.

"ಕಾಲ ಬಿಡು. ಕಾಲಿಂದ ಏನಾಗಂಗಿಲ್ಲ," ಎಂದಳು. "ಕಣ್ಣಿಗಿ ಯಾಕ ಹಚ್ಚಿದಿ?"

ಯಾಕೆಂದು ಹೇಳಲು ಹೋದೆ. ಗೌರವ ಎನ್ನುವ ಪದ ಸಿಕ್ಕಿತು, ಉಳಿದದ್ದು ಸಿಗಲಿಲ್ಲ. ಅವಳು ಬ್ರೇಸ್‌ಲೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು, ತಿರುಗಿಸಿ ನೋಡಿ, ಕೈಗೆ ಹಾಕಿಕೊಳ್ಳದೆ ಕೋಟಿನ ಜೇಬಿಗೆ ಹಾಕಿದಳು.

"ಈಗ ಅದು ನಿನ್ನ ನೋಡಿತಲ್ಲ," ಎಂದಳು.

ಅದನ್ನು ಹೇಳುವಾಗ ಅವಳ ದನಿಯಲ್ಲಿ ಏನಿತ್ತು? ಕೋಪವೆಂದು ಮೊದಲು ಬರೆದೆ, ಹೊಡೆದುಹಾಕಿದೆ. ತಮಾಷೆಯೆಂದು ಬರೆದೆ, ಅದನ್ನೂ ಹೊಡೆದುಹಾಕಿದೆ. ಪೆಟ್ಟಿಗೆ ಭಾರವಾಗಿತ್ತು, ಟ್ರಾಮಿಗೆ ಹೊತ್ತಾಗುತ್ತಿತ್ತು. ಇಳಿದೆವು. ಸಂತೆಯಲ್ಲಿ ಅಂದು ವ್ಯಾಪಾರ ಆಯಿತೋ ಇಲ್ಲವೋ ನೆನಪಿಲ್ಲ. ಅವಳ ಎಡಗೈಯಲ್ಲಿ ಬಿಸಿಲು ತಾಗದ ಬಿಳಿಯ ಪಟ್ಟಿಯೊಂದು ಕಾಣುತ್ತಿದ್ದದ್ದು ನೆನಪಿದೆ. ಚಳಿಗಾಲದ ಕೊನೆಯಲ್ಲಿ, ಡ್ರೆಸ್ಡೆನ್ನಿನಲ್ಲಿ, ಯಾವ ಬಿಸಿಲು? ಅದನ್ನೂ ನಾನೇ ಬಳಿದಿರಬೇಕು.

ಕೆಲವು ವಾರಗಳ ಬಳಿಕ ಅಂಗಡಿಯ ಒಡೆಯ ಜಾಗವನ್ನು ಉಗುರಿಗೆ ಬಣ್ಣ ಹಚ್ಚುವವರಿಗೆ ಕೊಟ್ಟ. ಅವಳು ಅದನ್ನು ಮಣಿ ಪೋಣಿಸುತ್ತಲೇ ಹೇಳಿದಳು, ತಲೆ ಎತ್ತದೆ. ನನ್ನಿಂದಾಯಿತೇ ಎಂದು ಕೇಳಬೇಕೆಂದು ಬಾಯಿ ತೆರೆದೆ. ಇಲ್ಲ ಎಂದು ಅವಳು ಹೇಳಿದರೆ ನಂಬುವುದು ಹೇಗೆ, ಹೌದು ಎಂದರೆ ಮೆಟ್ಟಿಲಿಳಿಯುವುದು ಹೇಗೆ. ಕೇಳಲಿಲ್ಲ. ಹಳದಿ ಮಣಿಗಳನ್ನು ಹಳದಿ ಕುಳಿಗೆ ಹಾಕಿದೆ.

ಅಕ್ಕನಿಗೆ ಫೋನಿನಲ್ಲಿ ಹೇಳಿದೆ.

"ಕಾಲ ತಾಗಿದ್ರ ಕಣ್ಣಿಗೊತ್ಕೋಬೇಕು. ಅದ್ರಾಗ ತಪ್ಪೇನೈತಿ? ಒತ್ಕೋಲಿಲ್ಲಂದ್ರ ತಪ್ಪು," ಎಂದಳು ಅಕ್ಕ. ಆಮೇಲೆ, "ಆಕಿಗಿ ನಿನ್ನ ಮ್ಯಾಲ ಸಿಟ್ಟೇನ?" ಎಂದು ಕೇಳಿದಳು.

"ಗೊತ್ತಿಲ್ಲ."

"ಕೇಳು ಮತ್ತ. ಬಾಯಿಲ್ಲೇನ?"

ಬಾಯಿ ಇತ್ತು. ಅದರ ಮೇಲೆ ದಿನಕ್ಕೊಂದು ಹೊಸ ಮುಖಗವಸು ಇತ್ತು.

ಭಾನುವಾರಗಳು ನಿಂತವು ಎಂದು ಹೇಳಲಾರೆ. ಒಂದು ವಾರ ಅವಳಿಗೆ ಕೆಲಸ, ಒಂದು ವಾರ ನನಗೆ ನೆಗಡಿ. ಬಾಗಿಲು ಬಡಿದರೆ ತೆರೆಯುತ್ತಿದ್ದಳು, ಚಹಾ ಕೊಡುತ್ತಿದ್ದಳು. ಅವಳ ಎಡಗೈ ಬರಿದಾಗಿಯೇ ಇತ್ತು. ಅಷ್ಟು ಬ್ರೇಸ್‌ಲೆಟ್ ಮಾಡುವವಳು ತನಗೆ ಇನ್ನೊಂದು ಮಾಡಿಕೊಳ್ಳಲಿಲ್ಲ. ಟವೆಲಿನ ಮೇಲೆ ನಮ್ಮಿಬ್ಬರ ಬರಿಗೈಗಳು. ಬಡಿಯಲು ಕೈಯೆತ್ತಿ, ಒಳಗೆ ಮಣಿ ಸುರಿಯುವ ಸದ್ದು ಕೇಳಿ, ವಾಪಸ್ಸು ಇಳಿದ ದಿನವೂ ಉಂಟು.

ಬೇಸಿಗೆಯ ಹೊತ್ತಿಗೆ ಅವಳು ಫ್ರಾಂಕ್‌ಫರ್ಟಿಗೆ ಹೋಗುತ್ತೇನೆ ಎಂದಳು. ಅಲ್ಲಿ ಸ್ಟೇಷನ್ನಿನ ಬಳಿ ಚಿಕ್ಕಮ್ಮನ ಮಗಳ ಅಂಗಡಿ ಇದೆ, ಕೆಲಸಕ್ಕೆ ಜನ ಬೇಕಂತೆ. ಅಲ್ಲಿ ನಮ್ಮವರು ಬಹಳ, ಬುದ್ಧನೇ ಎಂದು ಯಾರೂ ಕೇಳುವುದಿಲ್ಲ ಎಂದಳು. ಒಳ್ಳೆಯದಾಯಿತು ಎಂದೆ. ಅವಳು ಹೊರಟ ದಿನ ನನಗೆ ಬೆಳಗಿನ ಪಾಳಿ. ರಜೆ ಕೇಳಬಹುದಿತ್ತು. ಕೇಳಿ, ಸಿಗಲಿಲ್ಲವೆಂದು ಬಹಳ ದಿನ ನಂಬಿದ್ದೆ. ಈಗ ಕೇಳಿದ್ದೇ ನೆನಪಾಗುತ್ತಿಲ್ಲ.

ಮಧ್ಯಾಹ್ನ ಬಂದಾಗ ನನ್ನ ಬಾಗಿಲ ಹಿಡಿಗೆ ಕೆಂಪು ಬಟ್ಟೆಯ ಪುಟ್ಟ ಚೀಲವೊಂದು ತೂಗುತ್ತಿತ್ತು. ಅವಳು ಸಂತೆಯಲ್ಲಿ ಕೊಂಡವರಿಗೆಲ್ಲ ಅಂಥದೇ ಚೀಲದಲ್ಲಿ ಹಾಕಿಕೊಡುತ್ತಿದ್ದಳು. ಒಳಗೆ ಇದು. ಬೇರೇನೂ ಇರಲಿಲ್ಲ. ಐದನೆಯ ಮಹಡಿಗೆ ಹೋದೆ. ಬಾಗಿಲು ತೆರೆದಿತ್ತು, ಕಿಟಕಿಗಳೂ ತೆರೆದಿದ್ದವು. ಖಾಲಿ ಅಡುಗೆಮನೆಯ ನೆಲದ ಮೇಲೆ ಬಣ್ಣ ಬಳಿಯುವವನ ಏಣಿ ಮಲಗಿತ್ತು.

ಚೀಲದಿಂದ ತೆಗೆದು ಕೈಗೆ ಹಾಕಿಕೊಂಡೆ. ಸರಿಯಾಗಿ ಕೂತಿತು. ಇದರಲ್ಲಿ ಅರ್ಥವಿದೆಯೇ? ಅವಳ ಕೈ ನನ್ನದಕ್ಕಿಂತ ದಪ್ಪವಿತ್ತು ಎಂದು ಒಂದು ದಿನ ಖಚಿತವಾಗಿ ತೋರುತ್ತದೆ. ಹಾಗಾದರೆ ಅವಳು ನನಗಾಗಿ ಬಿಚ್ಚಿ, ಮಣಿ ಕಡಿಮೆ ಮಾಡಿ, ಮತ್ತೆ ಪೋಣಿಸಿದ್ದಾಳೆ. ಇನ್ನೊಂದು ದಿನ ಹಿಗ್ಗುವ ದಾರ ಯಾರ ಕೈಗಾದರೂ ಕೂರುತ್ತದೆ ಎಂದು ಹೊಳೆಯುತ್ತದೆ.

ಮತ್ತೆ ಈ ಕಪ್ಪು ಮಣಿಗಳು. ಪ್ರಾಣಿಯ ಎರಡೂ ಪಕ್ಕಕ್ಕೆ ಚಿಕ್ಕ ಕಪ್ಪು ಗಾಜಿನ ಮಣಿಗಳಿವೆ. ಮೊದಲು ಅಲ್ಲಿ ಕೆಂಪು ಇತ್ತು ಎಂದು ನನ್ನ ನೆನಪು ಹೇಳುತ್ತದೆ. ಹಾಗಿದ್ದರೆ ಇವು ನನ್ನ ಕರಿಮಣಿಗಳು. ನದಿಗೆ ಬಿಡಲಾಗದ್ದನ್ನು ಅವಳು ತನ್ನ ಪ್ರಾಣಿಯ ಬಗಲಿಗೆ ಕಟ್ಟಿ ವಾಪಸ್ಸು ಕೊಟ್ಟಿದ್ದಾಳೆ, ಇದು ಉಡುಗೊರೆ. ಇದು ಎಷ್ಟು ಚೆಂದ ಕೂಡಿಬರುತ್ತದೆಂದರೆ ಅದಕ್ಕೇ ನನಗೆ ಅನುಮಾನ. ಲಿನೋಲಿಯಂ ಹಾಸಿದ ನೆನಪೇ ಈ ಕೆಂಪನ್ನೂ ಹೇಳುತ್ತಿರುವುದು. ಮೊದಲಿನಿಂದಲೂ ಕಪ್ಪೇ ಇದ್ದಿದ್ದರೆ, ಇದು ಬೇರೆಯವರ ಕಣ್ಣು ತಾಗಿ ತನಗೆ ಕೆಲಸಕ್ಕೆ ಬಾರದೆ ಹೋದದ್ದನ್ನು ಅವಳು ಹೋಗುವ ಹಾದಿಯಲ್ಲಿ ಬಿಟ್ಟುಹೋದದ್ದು. ಮೇಜಿನ ಮೇಲಿನ ಮಣಿ ಎರಡು ಕತೆಗೂ ಒಂದೇ ಥರ ಹೊಂದುತ್ತದೆ.

ಅವಳ ಫೋನ್ ನಂಬರು ನನ್ನ ಬಳಿ ಇದೆ. ಶರತ್ಕಾಲದಲ್ಲಿ ಧೈರ್ಯ ಮಾಡಿ ಬರೆದೆ: ಕಪ್ಪು ಮಣಿಗಳು ನೀನು ಹೊಸದಾಗಿ ಹಾಕಿದ್ದೇ? ಜರ್ಮನ್ನಿನಲ್ಲಿ, ವ್ಯಾಕರಣ ನೋಡಿಕೊಂಡು. ಸ್ವಲ್ಪ ಹೊತ್ತಿನಲ್ಲೇ ಉತ್ತರ ಬಂತು. ಚಿನ್ನದ ಟೋಪಿಯ ಮಂತ್ರಿದೇವರ ಚಿತ್ರ, ಕುಣಿಯುತ್ತ ಎರಡೂ ಕೈಯಿಂದ ಚಿನ್ನದ ಗಟ್ಟಿಗಳನ್ನು ಎರಚುತ್ತಿತ್ತು. ಹೊಸವರ್ಷಕ್ಕೆ ಶುಭಾಶಯ ಕಳಿಸಿದೆ. ಅದೇ ದೇವರು ಕುಣಿಯಿತು. ಹೃದಯವಿಲ್ಲದವನು, ಎಲ್ಲರಿಗೂ ಒಂದೇ ಅಳತೆ. ಅವಳು ಈ ಚಿತ್ರವನ್ನು ಎಲ್ಲರಿಗೂ ಕಳಿಸುತ್ತಾಳೆಯೇ ಎಂದು ಕೇಳಲು ನಮ್ಮಿಬ್ಬರಿಗೂ ಗೊತ್ತಿರುವ ಮೂರನೆಯವರು ಯಾರೂ ಇಲ್ಲ. ನೆಲಮಹಡಿಯ ಮುದುಕಿ ಮಾತ್ರ ಮೆಟ್ಟಿಲಲ್ಲಿ ಸಿಕ್ಕಾಗ, ಆ ಗಾಳಿಯಾಡಿಸುವ ಹೆಂಗಸು ಹೋದ ಮೇಲೆ ಕಟ್ಟಡ ವಾಸನೆ ಹೊಡೆಯುತ್ತಿದೆ ಎನ್ನುತ್ತಾಳೆ.

ಪಾಳಿಯ ಹೊತ್ತಿಗೆ ಇದನ್ನು ತೆಗೆದು ಲಾಕರಿನಲ್ಲಿಡುತ್ತೇನೆ, ಪ್ರಾಣಿಯ ತಲೆ ಬಾಗಿಲ ಕಡೆಗೆ ಮಾಡಿ. ಪಾಳಿ ಮುಗಿದ ಮೇಲೆ ಎಡಗೈಗೆ ಹಾಕಿಕೊಳ್ಳುತ್ತೇನೆ. ಕಣ್ಣಿಗೊತ್ತಿಕೊಳ್ಳುವುದಿಲ್ಲ. ಮೊದಲು ಅದರ ಪಕ್ಕದಲ್ಲಿದ್ದದ್ದು ಕೆಂಪು ಮಣಿಯೋ ಕಪ್ಪು ಮಣಿಯೋ ನನಗೆ ಗೊತ್ತಿಲ್ಲ. ಅವಳು ನನ್ನ ಮೇಲೆ ಸಿಟ್ಟಾಗಿದ್ದಳೋ ಇಲ್ಲವೋ, ಅದೂ ಗೊತ್ತಿಲ್ಲ.